ಪ್ಯಾರಾ ಆಗಬೇಕಾದರೆ ಮೊದಲು ಕಾಲು ಉಳಿಸಿಕೊಳ್ಳಿ

ಉಡುಪಿಯಲ್ಲಿ ಪಿಯುಸಿ, ಪದವಿ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ

ಅಜ್ಜರಕಾಡು ಮೈದಾನಕ್ಕೆ ಬೆಳಿಗ್ಗೆ ಓಡಲು ಬರುವ ಹುಡುಗರು ನನ್ನ ಹತ್ತಿರ ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. "ಸರ್, ಪ್ಯಾರಾ ಕಮಾಂಡೋ ಆಗ್ಲಿಕ್ಕೆ ಎಂತ ಮಾಡಬೇಕು?" ಭೂಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ವಿಶೇಷ ಪಡೆಯವರನ್ನು ಅವರು ಹಾಗೆ ಕರೆಯುವುದು. ಫೋನಿನಲ್ಲಿ ವೀಡಿಯೊ ನೋಡಿರುತ್ತಾರೆ. ಮೆರೂನ್ ಟೋಪಿ, ಎದೆಯ ಮೇಲೆ ಬಲಿದಾನ್ ಬ್ಯಾಡ್ಜ್, ಹಿಂದಿನಿಂದ ಜೋರು ಸಂಗೀತ. ಮರುದಿನದಿಂದ ಬೆನ್ನಿಗೆ ಇಪ್ಪತ್ತು ಕಿಲೋ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಓಟ ಶುರು. ಕೆಲವೇ ವಾರಕ್ಕೆ ಮೊಣಕಾಲಿನ ಕೆಳಗೆ ನೋವು. ಆಮೇಲೆ ಎರಡು ತಿಂಗಳು ಮನೆಯಲ್ಲಿ ಮಂಚದ ಮೇಲೆ.

ಇವತ್ತು ನಾನು ಮಾತಾಡುವುದು ಬಹುತೇಕ ಈ ಹುಡುಗರ ಬಗ್ಗೆಯೇ. ಮೊದಲೇ ಹೇಳಿಬಿಡುತ್ತೇನೆ, ನಾನು ಪ್ಯಾರಾದವನಲ್ಲ. ಸೇನೆಯಲ್ಲಿ ಪಿ.ಟಿ. ಉಸ್ತಾದ್, ಅಂದರೆ ದೈಹಿಕ ತರಬೇತಿ ಕೊಡುವವನು ಆಗಿದ್ದೆ. ಹೊಸದಾಗಿ ಸೇರಿದ ರಂಗರೂಟುಗಳನ್ನು ಓಡಿಸುವುದು, ಹಗ್ಗ ಹತ್ತಿಸುವುದು, ಬಿದ್ದವರನ್ನು ಎಬ್ಬಿಸುವುದು ನನ್ನ ಕೆಲಸ. ಅವರಲ್ಲಿ ಕೆಲವರು ಮುಂದೆ ಪ್ಯಾರಾಗೆ ವಾಲಂಟಿಯರ್ ಆಗಿ ಹೋದರು. ಒಂದಿಷ್ಟು ಜನ ಅಲ್ಲೇ ಉಳಿದರು, ಜಾಸ್ತಿ ಜನ ವಾಪಸ್ ಬಂದರು. ವಾಪಸ್ ಬಂದವರೆಲ್ಲ ಬಲ ಸಾಲದೆ ಬಂದವರಲ್ಲ. ಎಷ್ಟೋ ಜನ ಆಗಲೇ ಅರ್ಧ ಮುರಿದ ಕಾಲು, ಅರ್ಧ ಸವೆದ ಮೊಣಕಾಲು ಹೊತ್ತುಕೊಂಡು ಅಲ್ಲಿಗೆ ಹೋಗಿದ್ದರು.

ಮೊದಲು ಯಾರು ಯಾರು ಅಂತ ಸ್ವಲ್ಪ ಬಿಡಿಸಿಕೊಳ್ಳೋಣ. ಕಮಾಂಡೋ ಅಂದ ಕೂಡಲೇ ನೀವು ಎಲ್ಲವನ್ನೂ ಕಲಸುಮೇಲೋಗರ ಮಾಡುತ್ತೀರಿ. ಮಾರ್ಕೋಸ್ ನೌಕಾಪಡೆಯದ್ದು. ಗರುಡ್ ವಾಯುಪಡೆಯದ್ದು. ಎನ್‌ಎಸ್‌ಜಿ ಗೃಹ ಸಚಿವಾಲಯದ ಕೆಳಗೆ ಬರುತ್ತದೆ. ಅಲ್ಲಿಗೆ ಸೇನೆಯಿಂದ, ಕೇಂದ್ರದ ಪೊಲೀಸ್ ಪಡೆಗಳಿಂದ ಡೆಪ್ಯುಟೇಷನ್ ಮೇಲೆ ಹೋಗುತ್ತಾರೆ. 2008ರಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ಹುತಾತ್ಮರಾದ ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಎನ್‌ಎಸ್‌ಜಿಯಲ್ಲಿದ್ದರು ಅಂತ ಎಲ್ಲರಿಗೂ ಗೊತ್ತು. ಅವರು ಮೂಲತಃ ಬಿಹಾರ್ ರೆಜಿಮೆಂಟಿನ 7ನೇ ಬೆಟಾಲಿಯನ್‌ನವರು, ಅದು ಗೊತ್ತಿರುವವರು ಕಡಿಮೆ.

ನೀವು ಕೇಳುವ ಪ್ಯಾರಾ ಭೂಸೇನೆಯದ್ದು, ಪ್ಯಾರಾಶೂಟ್ ರೆಜಿಮೆಂಟ್. ಅದರಲ್ಲೂ ಎರಡು ಬಗೆ. ವಿಮಾನದಿಂದ ಹಾರಿ ಇಳಿದು ಹೋರಾಡುವ ಬೆಟಾಲಿಯನ್‌ಗಳು ಒಂದು. ಸ್ಪೆಷಲ್ ಫೋರ್ಸಸ್ ಬೆಟಾಲಿಯನ್‌ಗಳು ಇನ್ನೊಂದು. ಎರಡೂ ಕಡೆಯವರು ಮೆರೂನ್ ಟೋಪಿಯೇ ಹಾಕುತ್ತಾರೆ, ಬಲಿದಾನ್ ಬ್ಯಾಡ್ಜ್ ಮಾತ್ರ ಎರಡನೆಯವರದ್ದು. 1965ರ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಕಟ್ಟಿದ ಮೇಘದೂತ್ ಎಂಬ ಸಣ್ಣ ಪಡೆ ಶತ್ರುವಿನ ಗಡಿಯೊಳಗೆ ನುಗ್ಗಿ ಕೆಲಸ ಮಾಡಿತು. ಅದರ ಅನುಭವದ ಮೇಲೆ 1966ರಲ್ಲಿ 9 ಪ್ಯಾರಾ ಕಮಾಂಡೋ ಬೆಟಾಲಿಯನ್ ಹುಟ್ಟಿತು. ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಉಂಟು. ಪ್ಯಾರಾಶೂಟ್ ಕಟ್ಟಿಕೊಂಡು ಹಾರುವುದನ್ನು ಆಗ್ರಾದ ಶಾಲೆಯಲ್ಲಿ ಕಲಿಸುತ್ತಾರೆ. ಐದು ಸಲ ಹಾರಬೇಕು, ಅದರಲ್ಲಿ ಒಂದು ಸಲ ರಾತ್ರಿ.

ಇನ್ನೊಂದು ದಾರಿ ಇದೆ, ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಪ್ರತಿ ಇನ್‌ಫೆಂಟ್ರಿ, ಅಂದರೆ ಕಾಲಾಳು ಪಡೆಯ ಬೆಟಾಲಿಯನ್‌ನಲ್ಲಿ ಘಾತಕ್ ಅಂತ ಒಂದು ಪ್ಲಟೂನ್ ಇರುತ್ತದೆ. ಸುಮಾರು ಇಪ್ಪತ್ತು ಜನ. ಇಡೀ ಬೆಟಾಲಿಯನ್‌ನಲ್ಲಿ ಆರಿಸಿದ ಗಟ್ಟಿಗರು. ದಾಳಿಯಲ್ಲಿ ಮುಂದೆ ಹೋಗುವವರು ಅವರೇ. ಅವರ ಕಮಾಂಡೋ ಕೋರ್ಸ್ ನಡೆಯುವುದು ಎಲ್ಲಿ ಗೊತ್ತುಂಟಾ? ಬೆಳಗಾವಿಯಲ್ಲಿ. ಮರಾಠಾ ಆಗಲಿ, ಮದ್ರಾಸ್ ಆಗಲಿ, ಯಾವ ರೆಜಿಮೆಂಟಿಗೆ ಹೋದರೂ ಘಾತಕ್ ಆಗುವ ಅವಕಾಶ ಇದ್ದೇ ಇರುತ್ತದೆ. ಪ್ಯಾರಾ ಸಿಗಲಿಲ್ಲ ಅಂತ ಮುಖ ಸಪ್ಪೆ ಮಾಡಿಕೊಂಡು ಬರುವ ಹುಡುಗರಿಗೆ ನಾನು ಇದನ್ನೇ ಹೇಳುವುದು.

ಸೇರುವ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅಧಿಸೂಚನೆಯಲ್ಲಿ ಎಲ್ಲ ಇರುತ್ತದೆ. ಜವಾನ್ ಆಗಿ ಹೋಗಲು ಈಗ ಇರುವುದು 2022ರಲ್ಲಿ ಬಂದ ಅಗ್ನಿಪಥ್ ಯೋಜನೆ, ಅದರಲ್ಲಿ ಸೇರಿದವರಿಗೆ ಅಗ್ನಿವೀರ್ ಅನ್ನುತ್ತಾರೆ. ಕನಿಷ್ಠ ವಯಸ್ಸು ಹದಿನೇಳೂವರೆ. ಜನರಲ್ ಡ್ಯೂಟಿಗೆ ಹತ್ತನೇ ತರಗತಿಯಲ್ಲಿ ಒಟ್ಟು ಶೇ. 45, ಪ್ರತಿ ವಿಷಯದಲ್ಲಿ ಶೇ. 33 ಬೇಕು. ಮೊದಲು ಕಂಪ್ಯೂಟರಿನಲ್ಲಿ ಪ್ರವೇಶ ಪರೀಕ್ಷೆ, ಪಾಸಾದರೆ ಓಟ, ಪುಲ್ ಅಪ್ ಎಲ್ಲ ನೋಡುವ ನೇಮಕಾತಿ ರ್‍ಯಾಲಿ. ಉಡುಪಿ, ದಕ್ಷಿಣ ಕನ್ನಡ ನಮ್ಮ ಎರಡೂ ಜಿಲ್ಲೆಗಳಿಗೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿ. ಅಫೀಸರ್ ಆಗಬೇಕೆಂದರೆ ಪಿಯುಸಿ ಆದ ಮೇಲೆ ಎನ್‌ಡಿಎ ಪರೀಕ್ಷೆ, ಪದವಿ ಆದ ಮೇಲೆ ಸಿಡಿಎಸ್ ಪರೀಕ್ಷೆ. ಅದರಲ್ಲಿ ಪಾಸಾದವರಿಗೆ ಎಸ್‌ಎಸ್‌ಬಿ ಅಂತ ಸಂದರ್ಶನ, ಐದು ದಿನ ನಡೆಯುತ್ತದೆ. ಅರ್ಜಿಯಲ್ಲಿ ನೀವು ತುಂಬುವುದು ಜನರಲ್ ಡ್ಯೂಟಿ, ಟೆಕ್ನಿಕಲ್, ಕ್ಲರ್ಕ್, ಇಂಥ ವಿಭಾಗ. ರೆಜಿಮೆಂಟ್ ಯಾವುದು ಅಂತ ತೀರ್ಮಾನ ಮಾಡುವುದು ಸೇನೆ. ಇಷ್ಟು ಲಕ್ಷ ಕೊಡಿ, ಪ್ಯಾರಾದಲ್ಲೇ ಸೀಟ್ ಮಾಡಿಸುತ್ತೇನೆ ಅಂತ ಯಾರಾದರೂ ಮನೆಗೆ ಬಂದರೆ ಚಹಾ ಕೊಟ್ಟು ಕಳಿಸಿ. ಚಹಾ ಕೊಡದಿದ್ದರೂ ತೊಂದರೆ ಇಲ್ಲ.

ಸ್ಪೆಷಲ್ ಫೋರ್ಸಸ್‌ಗೆ ವಾಲಂಟಿಯರ್ ಆಗಬೇಕು. ಯಾರನ್ನೂ ಬಲವಂತದಿಂದ ಕಳಿಸುವುದಿಲ್ಲ. ಹೋದವರಿಗೆ ತಿಂಗಳುಗಟ್ಟಲೆ ಪ್ರೊಬೇಷನ್, ಅಂದರೆ ಪರೀಕ್ಷೆಯ ಅವಧಿ. ನಿದ್ದೆ ಇಲ್ಲ, ಭಾರ ಹೊತ್ತು ನಡಿಗೆ, ಮೈ ಹಿಂಡುವ ರಗಡಾ. ಯಾವಾಗ ಬೇಕಾದರೂ "ಸಾಕು" ಅಂತ ಹೇಳಿ ತನ್ನ ಯೂನಿಟ್ಟಿಗೆ ವಾಪಸ್ ಹೋಗಬಹುದು. ಬಾಗಿಲು ತೆರೆದೇ ಇರುತ್ತದೆ. ಅದೇ ಅಲ್ವಾ ಕಷ್ಟ!

1971ರ ಡಿಸೆಂಬರ್‌ನ ಒಂದು ರಾತ್ರಿ 9 ಪ್ಯಾರಾದವರು ಮಂಧೋಲ್ ಎಂಬಲ್ಲಿ ಪಾಕಿಸ್ತಾನದ ತೋಪುಗಳ ಮೇಲೆ ದಾಳಿ ಮಾಡಿದರು. ಪೂಂಚ್ ಕಡೆಯ ನಮ್ಮ ಠಾಣೆಗಳ ಮೇಲೆ ಆ ತೋಪುಗಳು ಬೆಂಕಿ ಸುರಿಸುತ್ತಿದ್ದವು. ಕಾಶ್ಮೀರದ ಚಳಿಗಾಲ. ಕತ್ತಲೆಯಲ್ಲಿ ಪೂಂಚ್ ನದಿಯ ತಣ್ಣೀರಿಗಿಳಿದು ದಾಟಿ, ಒದ್ದೆ ಬಟ್ಟೆಯಲ್ಲೇ ನಡೆದು ಹೋಗಿ ಆರು ತೋಪುಗಳನ್ನು ಸಿಡಿಸಿದರು. ಮತ್ತೆ ಅದೇ ದಾರಿಯಲ್ಲಿ ಹಿಂದೆ. ಸಿನಿಮಾದವರು ತೋಪು ಸಿಡಿಯುವುದನ್ನು ತೋರಿಸುತ್ತಾರೆ. ಆ ರಾತ್ರಿಯ ಹೆಚ್ಚಿನ ಹೊತ್ತು ಹೋದದ್ದು ನಡಿಗೆಗೆ. ಪಾದ, ಹಿಮ್ಮಡಿ, ಸೊಂಟ ಕೈಕೊಟ್ಟರೆ ಬಂದೂಕು ಎಷ್ಟು ಚೆನ್ನಾಗಿ ಹೊಡೆದರೂ ಉಪಯೋಗ ಇಲ್ಲ.

ಈಗ ಓಟಕ್ಕೆ ಬರೋಣ. ರ್‍ಯಾಲಿಯಲ್ಲಿ 1.6 ಕಿಲೋಮೀಟರ್. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್ ಅಪ್‌ಗೆ 40. ಇದರ ಮೇಲೆ ಒಂಬತ್ತು ಅಡಿ ಹಳ್ಳ ಹಾರಬೇಕು, ಅಂಕುಡೊಂಕು ಹಲಗೆಯ ಮೇಲೆ ಬೀಳದೆ ನಡೆಯಬೇಕು. ಇವೆರಡಕ್ಕೆ ಅಂಕ ಇಲ್ಲ, ಪಾಸಾದರೆ ಸಾಕು.

ಐದೂವರೆ ನಿಮಿಷ ಅಂದರೆ 330 ಸೆಕೆಂಡ್. 400 ಮೀಟರಿನ ನಾಲ್ಕು ಸುತ್ತು. ಒಂದು ಸುತ್ತಿಗೆ ಎಂಬತ್ತೆರಡು ಸೆಕೆಂಡ್ ಇಟ್ಟುಕೊಳ್ಳಿ. ನಮ್ಮ ಹುಡುಗರು ಮೊದಲ ಸುತ್ತನ್ನು ಎಪ್ಪತ್ತರಲ್ಲಿ ಹೊಡೆಯುತ್ತಾರೆ, ಪಕ್ಕದವನು ಮುಂದೆ ಹೋದ ಅಂತ. ಎರಡನೆಯದು ಎಂಬತ್ತು. ಮೂರನೇ ಸುತ್ತಿನಲ್ಲಿ ಹೆಗಲು ಕಿವಿಯ ಹತ್ತಿರ ಬರುತ್ತದೆ, ಮುಷ್ಟಿ ಬಿಗಿಯುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ, ತೊಂಬತ್ತೈದು. ನಾಲ್ಕನೆಯದನ್ನು ನೋಡಲಿಕ್ಕಾಗುವುದಿಲ್ಲ. ಹಾಗಾಗಿ ನಾನು ಅವರಿಗೆ ವಾಚ್ ಕೊಟ್ಟು ಒಂದೇ ಕೆಲಸ ಹೇಳುತ್ತೇನೆ. ಮೊದಲ ಸುತ್ತು ಎಂಬತ್ತೆರಡಕ್ಕಿಂತ ಬೇಗ ಬಂದರೆ ಮತ್ತೆ ಮೊದಲಿನಿಂದ. ತಾಳ್ಮೆ ಕಲಿಯಲಿಕ್ಕೆ ಅವರಿಗೆ ಒಂದು ತಿಂಗಳು ಬೇಕಾಗುತ್ತದೆ, ಬಲ ಆಮೇಲೆ ತಾನಾಗಿ ಬರುತ್ತದೆ.

ವಾರದಲ್ಲಿ ಎರಡೇ ದಿನ ಹೀಗೆ ವೇಗದ ಓಟ. ಉಳಿದ ದಿನ ನಿಧಾನ. ಎಷ್ಟು ನಿಧಾನ ಅಂದರೆ ಪಕ್ಕದವನ ಹತ್ತಿರ ಮಾತಾಡಿಕೊಂಡು ಓಡುವಷ್ಟು. ಇದಕ್ಕೆ ಹುಡುಗರು ಒಪ್ಪುವುದೇ ಇಲ್ಲ. ಬೆವರು ಬರದಿದ್ದರೆ, ಕಾಲು ನೋಯದಿದ್ದರೆ ತರಬೇತಿಯೇ ಅಲ್ಲ ಅಂತ ಅವರ ಲೆಕ್ಕ. ಆದರೆ ಹೃದಯ, ಶ್ವಾಸಕೋಶ ಬೇಗ ಪಳಗುತ್ತವೆ. ಮೂಳೆ ಮತ್ತು ಸ್ನಾಯುಬಂಧ ಪಳಗಲು ತಿಂಗಳುಗಳು ಬೇಕು. ದಮ್ಮು ಇದೆ ಅಂತ ಓಡುತ್ತಾ ಹೋದರೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಶುರುವಿನಲ್ಲಿ ಎಕ್ಸ್‌ರೇಯಲ್ಲೂ ಎಷ್ಟೋ ಸಲ ಕಾಣುವುದಿಲ್ಲ.

ನೀವೇ ನೋಡಿಕೊಳ್ಳಬಹುದು. ಕುರ್ಚಿಯಲ್ಲಿ ಕೂತು, ಮೊಣಕಾಲಿನ ಕೆಳಗಿನ ಮೂಳೆಯ ಒಳ ಅಂಚಿನ ಮೇಲೆ ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತುತ್ತಾ ಬನ್ನಿ. ಉದ್ದಕ್ಕೂ ಸ್ವಲ್ಪ ಸ್ವಲ್ಪ ನೋವಿದ್ದರೆ ಅದು ಸಾಮಾನ್ಯವಾಗಿ ಸ್ನಾಯುವಿನದ್ದು, ಕೆಲವು ದಿನ ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ಒಂದೇ ಒಂದು ಜಾಗದಲ್ಲಿ, ಬೆರಳಿನ ತುದಿಯಷ್ಟು ಜಾಗದಲ್ಲಿ ಚುಚ್ಚಿದಂತೆ ನೋವು, ಆ ಕಾಲಲ್ಲಿ ಕುಂಟೋಬಿಲ್ಲೆ ಆಡುವ ಹಾಗೆ ಹಾರಿದರೆ ಜೀವ ಹೋಗುವಂತೆ ನೋವು, ರಾತ್ರಿ ಮಲಗಿದಾಗಲೂ ನೋವು. ಹೀಗಿದ್ದರೆ ಓಟ ಅವತ್ತೇ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ನೋವಿನ ಮಾತ್ರೆ ನುಂಗಿ ಓಡುವುದು ಬೇಡ. ನೋವು ಗೊತ್ತಾಗುವುದಿಲ್ಲ, ಬಿರುಕು ದೊಡ್ಡದಾಗುತ್ತದೆ. ಬಿಸಿಲಲ್ಲಿ ಬೆವರಿ ಒಣಗಿದ ಮೈಗೆ ಆ ಮಾತ್ರೆ ಮೂತ್ರಪಿಂಡಕ್ಕೂ ಕೆಟ್ಟದ್ದು.

ಇಲ್ಲಿ ಒಂದು ಮಾತು ಕಂಬಳದ ಬಗ್ಗೆ ಹೇಳಬೇಕು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಟ್ರ್ಯಾಕ್ ಮೇಲೆ ಟ್ರಯಲ್ಸ್‌ಗೆ ಬನ್ನಿ ಅಂತ ಕರೆಯಿತು. ಅವರು ಹೋಗಲಿಲ್ಲ. ನನಗೆ ಅವರ ವೇಗಕ್ಕಿಂತ ಕುತೂಹಲ ಕಂಬಳದ ಓಟಗಾರರ ಪಾದದ ಬಗ್ಗೆ. ವರ್ಷಗಟ್ಟಲೆ ಬರಿಗಾಲಲ್ಲಿ ಕೆಸರಿನಲ್ಲಿ ಓಡಿ ಹಿಮ್ಮಡಿ, ಕಾಲ್ಬೆರಳು, ಮೀನಖಂಡ ಎಲ್ಲ ಒಂದೊಂದಾಗಿ ಗಟ್ಟಿಯಾಗಿರುತ್ತವೆ. ಅಂಥ ಕಾಲು ಬೇಕಾದರೆ ನೀವು ಗದ್ದೆಗೇ ಇಳಿಯಬೇಕಾಗಿಲ್ಲ. ಮಲ್ಪೆಯಲ್ಲಿ ತೆರೆ ಬಂದು ಹೋಗುವ ಕಡೆ ಮರಳು ಒದ್ದೆಯಾಗಿ ಗಟ್ಟಿ ಇರುತ್ತದೆ ನೋಡಿ, ಅಲ್ಲಿ ಬರಿಗಾಲಲ್ಲಿ ಹತ್ತು ನಿಮಿಷ ನಡೆಯಿರಿ, ಮೆಲ್ಲಗೆ ಓಡಿ. ಕಡಲಬದಿ ಇಳಿಜಾರು ಇರುವುದರಿಂದ ಒಂದು ಕಾಲು ಯಾವಾಗಲೂ ಕೆಳಗಿರುತ್ತದೆ. ಅರ್ಧ ದೂರ ಹೋಗಿ ತಿರುಗಿ ಬನ್ನಿ, ಎರಡೂ ಕಾಲಿಗೆ ಸಮ ಆಗುತ್ತದೆ.

ಭಾರದ ವಿಷಯ. ಸೇನೆಯಲ್ಲಿ ಬೆನ್ನಚೀಲಕ್ಕೆ ಪಿಟ್ಠು ಅನ್ನುತ್ತಾರೆ. ಪಿಟ್ಠು ಹೊತ್ತು ನಡೆಯುವುದನ್ನು ಮನೆಯಲ್ಲಿ ಅಭ್ಯಾಸ ಮಾಡಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಕನಿಷ್ಠ ಆರು ತಿಂಗಳು ಸಲೀಸಾಗಿ ಓಡಿದ ಮೇಲೆ, ವಾರಕ್ಕೊಂದೇ ಸಲ. ಐದು ಕಿಲೋ ಕುಚ್ಚಲಕ್ಕಿಯ ಚೀಲದಿಂದ ಶುರು ಮಾಡಿ. ಅಮ್ಮನಿಗೆ ಹೇಳಿ ತೆಗೆದುಕೊಳ್ಳಿ. ಕಲ್ಲು, ಡಂಬೆಲ್ ಹಾಕಿದರೆ ಬೆನ್ನಿಗೆ ಚುಚ್ಚುತ್ತದೆ, ನಡೆಯುವಾಗ ಒಳಗೆ ಉರುಳುತ್ತದೆ. ಅಕ್ಕಿ ಬೆನ್ನಿನ ಆಕಾರಕ್ಕೆ ಕೂರುತ್ತದೆ. ಚೀಲದ ತಳದಲ್ಲಿ ಹಳೆ ಬೆಡ್‌ಶೀಟ್ ತುಂಬಿ, ಅದರ ಮೇಲೆ ಅಕ್ಕಿ ಇಡಿ. ಭಾರ ಹೆಗಲಮೂಳೆಗಳ ನಡುವೆ, ಬೆನ್ನಿಗೆ ಅಂಟಿಕೊಂಡು ಇರಬೇಕು. ಕೆಳಗೆ ಜೋತುಬಿದ್ದರೆ ಸೊಂಟ ಹೋಗುತ್ತದೆ. ಒಂದು ವಾರ ತೂಕ ಹೆಚ್ಚಿಸಿದರೆ ದೂರ ಹೆಚ್ಚಿಸಬೇಡಿ. ದೂರ ಹೆಚ್ಚಿಸಿದರೆ ತೂಕ ಹಾಗೇ ಇರಲಿ. ಮತ್ತು ನಡೆಯಿರಿ. ಭಾರ ಹೊತ್ತು ಡಾಂಬರಿನಲ್ಲಿ ಓಡುವುದನ್ನು ಸೇನೆ ತಾನೇ ಕಲಿಸುತ್ತದೆ, ಅದಕ್ಕೆ ನಿಮ್ಮ ಮೊಣಕಾಲನ್ನು ಬಾಕಿ ಇಟ್ಟುಕೊಳ್ಳಿ.

ಏರು ಹತ್ತಲಿಕ್ಕೆ ನಮಗೆ ಬರ ಇಲ್ಲ. ಕಾರಿಂಜದ ಮೆಟ್ಟಿಲು ಉಂಟು, ಬೆಳ್ತಂಗಡಿ ಕಡೆ ಗಡಾಯಿಕಲ್ಲು ಉಂಟು. ಇಳಿಯುವಾಗ ಹುಷಾರು, ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೇಲೆ ಓಡಲೇಬೇಡಿ.

ನಮ್ಮ ಕರಾವಳಿಯ ಸೆಖೆ ಒಂದು ಪಾಠ, ಒಂದು ಅಪಾಯ. ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರಿದರೆ ಮಾತ್ರ ಮೈ ತಣಿಯುವುದು. ಏಪ್ರಿಲ್, ಮೇಯಲ್ಲಿ ಬೆಳಿಗ್ಗೆ ಏಳೂವರೆ ದಾಟಿದ ಮೇಲೆ ವೇಗದ ಓಟ ಬೇಡ. ಮೈ ಸೆಖೆಗೆ ಹೊಂದಿಕೊಳ್ಳಲು ಸುಮಾರು ಎರಡು ವಾರ ಬೇಕು. ಓಡುತ್ತಿರುವವನು ತೊದಲಲು ಶುರು ಮಾಡಿದರೆ, ಕೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ ಕೊಟ್ಟರೆ, ಅವನಿಗೆ ಸುಸ್ತಾಗಿದೆ ಅಂತ ನೆರಳಲ್ಲಿ ಕೂರಿಸಿ ಬಿಟ್ಟುಬಿಡಬೇಡಿ. ಅದು ಶಾಖಾಘಾತ. ಬಾವಿಯ ನೀರನ್ನು ಕೊಡಗಟ್ಟಲೆ ಮೈಮೇಲೆ ಸುರಿಯಿರಿ, ಗಾಳಿ ಬೀಸಿ, ಯಾರಾದರೊಬ್ಬರು ಆಂಬುಲೆನ್ಸಿಗೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ತಣ್ಣೀರು ನಿಲ್ಲಿಸಬೇಡಿ. ಇನ್ನೊಂದು, ಹಠಕ್ಕೆ ಬಿದ್ದು ಐನೂರು ಬಸ್ಕಿ ಹೊಡೆದ ಮರುದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೆ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ರಕ್ತಕ್ಕೆ ಸೇರಿದೆ ಅಂತ ಅರ್ಥ, ಮೂತ್ರಪಿಂಡ ನಿಂತುಹೋಗಬಹುದು.

ಊಟಕ್ಕೆ ಡಬ್ಬಿ ಪೌಡರ್ ಬೇಕಾ ಅಂತ ಕೇಳುತ್ತೀರಿ. ನಾಲ್ಕೈದು ಸಾವಿರದ ಡಬ್ಬಿ ತಂದಿಟ್ಟುಕೊಂಡವನ ಮನೆಯ ಗೇಟಿನ ಮುಂದೆಯೇ ಬೂತಾಯಿ, ಬಂಗುಡೆ ಮಾರಿಕೊಂಡು ಹೋಗುತ್ತಾರೆ! ಮೀನು ತಿನ್ನದವರಿಗೆ ಮೊಟ್ಟೆ, ಅದೂ ಆಗದಿದ್ದರೆ ಹೆಸರುಕಾಳು, ಕಡಲೆ, ಹಾಲು. ಓಡಿ ಬಂದ ಮೇಲೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ನೀರು, ಉಪ್ಪು, ಅನ್ನ ಮೂರೂ ಒಟ್ಟಿಗೆ ಹೋಗುತ್ತದೆ. ಉಪ್ಪಿಲ್ಲದೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಒಳ್ಳೆಯದಲ್ಲ, ರಕ್ತದ ಸೋಡಿಯಂ ಇಳಿದು ತಲೆ ತಿರುಗುತ್ತದೆ.

ಈಜು ಬರುವವರು ಕೈ ಎತ್ತಿ ಅಂದರೆ ಕಡಲ ಬದಿಯ ಈ ಊರಿನಲ್ಲೂ ಅರ್ಧ ಕೈ ಮೇಲೇಳುವುದಿಲ್ಲ. ಕಲಿಯಿರಿ. ಅಜ್ಜರಕಾಡಿನಲ್ಲೇ ಈಜುಕೊಳ ಉಂಟು, ಮಂಗಳೂರಿನವರಿಗೆ ಲೇಡಿಹಿಲ್ ಹತ್ತಿರ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವವನ ಧೈರ್ಯವನ್ನು ಯಾವ ಸೇನೆಯೂ ಮೆಚ್ಚುವುದಿಲ್ಲ.

ಪ್ರೊಬೇಷನ್‌ನಿಂದ ವಾಪಸ್ ಬಂದ ಹುಡುಗರನ್ನು ಕೂರಿಸಿ ಮಾತಾಡಿಸಿದಾಗ ಅವರು ಜಾಸ್ತಿ ಹೇಳುತ್ತಿದ್ದುದು ಓಟದ ಕಥೆ ಅಲ್ಲ. ನಿದ್ದೆ ಇಲ್ಲದ ಎರಡನೇ ರಾತ್ರಿಯ ಕಥೆ. ಆಗ ಉಸ್ತಾದರು ಇವನು ಎಷ್ಟು ಜೋರಾಗಿ ಓಡುತ್ತಾನೆ ಅಂತ ನೋಡುವುದಿಲ್ಲ. ಒದ್ದೆ ಸಾಕ್ಸ್ ಬದಲಾಯಿಸಿದನಾ? ರೈಫಲ್ ಒರೆಸಿದನಾ? ತನ್ನ ಜೋಡಿ ಜವಾನನ ಬಾಟಲಿಯಲ್ಲಿ ನೀರು ಇದೆಯಾ ಅಂತ ಕೇಳಿದನಾ? ಹೇಳಿದ ಆದೇಶ ಮರೆಯದೆ ನೆನಪಿಟ್ಟನಾ? ಅಲ್ಲಿ ಸಣ್ಣ ಸಣ್ಣ ತಂಡದಲ್ಲಿ ಕೆಲಸ. ಒಬ್ಬ ವೈದ್ಯಕೀಯ ನೋಡಿಕೊಂಡರೆ ಒಬ್ಬ ಸ್ಫೋಟಕ, ಒಬ್ಬ ರೇಡಿಯೊ, ಒಬ್ಬ ದೂರದ ಗುರಿ. ಒಬ್ಬನ ಮರೆವು ಎಲ್ಲರ ಮೈಮೇಲೆ ಬರುತ್ತದೆ.

ಇದನ್ನು ಇಲ್ಲೇ ಅಭ್ಯಾಸ ಮಾಡಬಹುದು. ನಾನು ಹುಡುಗರಿಗೆ ಒಂದು ಆಟ ಆಡಿಸುತ್ತೇನೆ. ಟವೆಲ್ ಮೇಲೆ ಹತ್ತು ಸಾಮಾನು ಇಡುವುದು. ಬೀಗದ ಕೈ, ಬಸ್ ಟಿಕೆಟ್, ಅಡಿಕೆ, ಹೀಗೆ. ಒಂದು ನಿಮಿಷ ನೋಡಲಿಕ್ಕೆ ಕೊಟ್ಟು ಮುಚ್ಚುವುದು. ಆಮೇಲೆ ನಾಲ್ಕು ಸುತ್ತು ಪೂರ್ತಿ ವೇಗದಲ್ಲಿ ಓಡಬೇಕು. ಬಂದು, ಏದುಸಿರು ಬಿಡುತ್ತಲೇ ಹತ್ತನ್ನೂ ಬರೆಯಬೇಕು. ಬಸ್ ಟಿಕೆಟಿನ ಮೇಲೆ ಎಷ್ಟು ರೂಪಾಯಿ ಇತ್ತು ಅಂತಲೂ ಕೇಳುತ್ತೇನೆ. ಮೊದಲ ದಿನ ಐದಾರು ಬರೆದರೆ ದೊಡ್ಡದು. ನಕ್ಷೆ ಓದುವುದನ್ನೂ ಕಲಿಯಿರಿ. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ನಿಮ್ಮ ಊರಿನ ಗುಡ್ಡ, ತೋಡು ಅದರಲ್ಲಿ ಹೇಗೆ ಕಾಣುತ್ತದೆ ಅಂತ ಹುಡುಕಿ. ಹಿಂದಿಯನ್ನೂ ರೂಢಿ ಮಾಡಿಕೊಳ್ಳಿ. ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕೂ ಬರುವ ಹುಡುಗನಿಗೆ ಐದನೆಯದು ಕಷ್ಟ ಆಗಬಾರದು. ಬ್ಯಾರಕ್ಕಿನಲ್ಲಿ ನಡೆಯುವುದು ಅದೇ.

ಪೋಷಕರಿಗೆ ಎರಡು ಮಾತು. ನಮ್ಮ ಊರು ದೇಶಕ್ಕೆ ಬ್ಯಾಂಕುಗಳನ್ನು ಕೊಟ್ಟಿತು, ಹೋಟೆಲುಗಳನ್ನು ಕೊಟ್ಟಿತು. ಮಗ ಬ್ಯಾಂಕಿಗೋ ದುಬೈಗೋ ಹೋಗಲಿ ಅಂತ ನಿಮಗೆ ಅನ್ನಿಸುವುದು ಸಹಜ. ಸುಮ್ನೆ ಹೆದರಬೇಡಿ ಅಂತ ನಾನು ಹೇಳುವುದಿಲ್ಲ. 2023ರ ನವೆಂಬರಿನಲ್ಲಿ ರಜೌರಿಯಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಸುರತ್ಕಲ್‌ನಲ್ಲಿ ಓದಿದ ಕ್ಯಾಪ್ಟನ್ ಪ್ರಾಂಜಲ್ ತೀರಿಕೊಂಡರು. ಅದೇ ಕಾಳಗದಲ್ಲಿ 9 ಪ್ಯಾರಾದ ಕ್ಯಾಪ್ಟನ್ ಶುಭಂ ಗುಪ್ತಾ ಮತ್ತು ಅವರ ಜವಾನರೂ ಹೋದರು. ಮಗನ ಜೊತೆ ಕೂತು ಇದನ್ನೂ ಮಾತಾಡಿ. ಅಗ್ನಿವೀರರಿಗೆ ನಾಲ್ಕು ವರ್ಷ, ಆಮೇಲೆ ಸೇನೆಯಲ್ಲಿ ಉಳಿಯುವುದು ಹೆಚ್ಚೆಂದರೆ ಶೇ. 25 ಜನ, ಅದನ್ನೂ ಮಾತಾಡಿ. ಓದನ್ನು ಅರ್ಧಕ್ಕೆ ಬಿಟ್ಟು ಮೈದಾನಕ್ಕೆ ಬರುವ ಹುಡುಗನನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಪದವಿ ಕೈಯಲ್ಲಿದ್ದರೆ ಅಫೀಸರ್ ದಾರಿಯೂ ತೆರೆದಿರುತ್ತದೆ. ಎನ್‌ಸಿಸಿಯ ಸಿ ಸರ್ಟಿಫಿಕೇಟ್ ಇದ್ದರೆ ನೇಮಕಾತಿಯಲ್ಲಿ ಹೆಚ್ಚಿನ ಅಂಕ ಸಿಗುತ್ತದೆ.

ಹಿಂದಿನ ಸಾಲಿನ ಹುಡುಗಿಯರು ಕೇಳಿದಿರಿ. ಇನ್‌ಫೆಂಟ್ರಿ ಇನ್ನೂ ಮಹಿಳೆಯರಿಗೆ ತೆರೆದಿಲ್ಲ. ಅಗ್ನಿವೀರ್ ಆಗಿ ಮಿಲಿಟರಿ ಪೊಲೀಸ್ ದಾರಿ ಇದೆ, ಅಫೀಸರ್ ಆಗಿ ಎನ್‌ಡಿಎ ಬಾಗಿಲೂ ಈಗ ತೆರೆದಿದೆ. ಕಾಲಿನ ಬಗ್ಗೆ ಹೇಳಿದ್ದೆಲ್ಲ ನಿಮಗೂ ಅಷ್ಟೇ ಅನ್ವಯಿಸುತ್ತದೆ.

ಕೊನೆಗೆ ವೈದ್ಯಕೀಯ ತಪಾಸಣೆ. ಓಟದಲ್ಲಿ ಮೊದಲು ಬಂದು ಇಲ್ಲಿ ಹೊರಬೀಳುವವರು ಎಷ್ಟೋ ಜನ. ಮೊಣಕಾಲು ಒಂದಕ್ಕೊಂದು ತಾಗುವುದು, ಚಪ್ಪಟೆ ಪಾದ, ಉಬ್ಬಿದ ರಕ್ತನಾಳ, ಬಣ್ಣಗುರುಡು, ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ, ಇವೆಲ್ಲ ನೋಡುತ್ತಾರೆ. ಟ್ಯಾಟೂಗೂ ನಿಯಮ ಉಂಟು, ಹಾಕಿಸುವ ಮೊದಲು ಓದಿ. ಕೆಲವು ಸರಿ ಮಾಡಿಕೊಳ್ಳಬಹುದಾದ್ದು, ಆದರೆ ರ್‍ಯಾಲಿಯ ಹಿಂದಿನ ವಾರ ಅಲ್ಲ. ಹಲ್ಲಿಗೂ ಅಂಕ ಇದೆ ಅಂದರೆ ನಗುತ್ತೀರಿ. ಕನಿಷ್ಠ 14 ದಂತ ಅಂಕ ಬೇಕು. ಗುಟ್ಕಾ ಹಾಕುವವರು, ಬಾಯಿ ಮುಚ್ಚಿಕೊಂಡು ನಗುತ್ತಿರುವವರು, ಮಣಿಪಾಲದಲ್ಲೇ ದಂತ ಆಸ್ಪತ್ರೆ ಉಂಟು. ಹೊಸ ಶೂ ಖರೀದಿಸುವ ಮೊದಲು ಅಲ್ಲಿಗೆ ಹೋಗಿ ಬನ್ನಿ.